120 ಪಿಕ್ಸೆಲ್ ಅಗಲದಲ್ಲಿ ಉಳಿಯುವ ಚಿತ್ರ

ನನ್ನ ಮೊದಲ ಗೇಮ್‌ನ ಮುಖಚಿತ್ರಕ್ಕೆ ಮೂರು ವಾರ ಹಿಡಿಯಿತು. ರಾತ್ರಿ ಹೊತ್ತು ಜವುಗು ನೆಲದಲ್ಲಿ ಲಾಟೀನು ಹಿಡಿದುಕೊಂಡು ಮನೆಮನೆಗೆ ಕಾಗದ ತಲುಪಿಸುವ ಅಂಚೆಯವಳೊಬ್ಬಳ ಗೇಮ್ ಅದು. ನಾನು ಬಿಡಿಸಿದ ಚಿತ್ರದಲ್ಲಿ ನೀರಿತ್ತು, ಜೊಂಡಿತ್ತು, ಮಂಜಿತ್ತು, ದೂರದಲ್ಲಿ ಏಳು ಮನೆಗಳೂ ಅವುಗಳ ಕಿಟಕಿಗಳಲ್ಲಿ ಬೆಳಕೂ ಇದ್ದವು, ಮೇಲೆ ಚಂದ್ರನಿದ್ದ. ಇಷ್ಟೆಲ್ಲದರ ನಡುವೆ ಎಡಬದಿಯಲ್ಲಿ, ನೋಡುವವರಿಗೆ ಬೆನ್ನು ತೋರಿಸಿ ನಡೆದುಹೋಗುತ್ತಿರುವ ಅಂಚೆಯವಳಿದ್ದಳು. ಪರದೆಯ ತುಂಬ ತೆರೆದು ನೋಡಿದರೆ ಆ ಚಿತ್ರ ನನಗೆ ಇಂದಿಗೂ ಇಷ್ಟವಾಗುತ್ತದೆ. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ನಮ್ಮ ಸ್ಟೋರ್ ಪುಟ ತೆರೆದ ದಿನ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಗೇಮ್‌ಗಳ ಪಟ್ಟಿಯಲ್ಲಿ ನನ್ನದನ್ನು ಹುಡುಕಲು ಹೇಳಿದೆ. ಅವನು ಅದನ್ನು ಎರಡು ಸಲ ದಾಟಿ ಹೋದ. ಮೂರನೆಯ ಸಲ ನಾನೇ ಬೆರಳಿಟ್ಟು ತೋರಿಸಬೇಕಾಯಿತು. ಅಲ್ಲಿದ್ದದ್ದು ಕಡುನೀಲಿ ಬಣ್ಣದ ಒಂದು ಪಟ್ಟಿ, ಅದರ ಮೇಲೆ ಗೀರಿದಂತೆ ಕಾಣುವ ಏನೋ ಒಂದು ಬರಹ. ಅಂಚೆಯವಳು ಎಲ್ಲೂ ಇರಲಿಲ್ಲ.

ಸ್ಟೀಮ್‌ನಲ್ಲಿ ಈ ಮುಖಚಿತ್ರಗಳಿಗೆ ಕ್ಯಾಪ್ಸೂಲ್ ಎನ್ನುತ್ತಾರೆ. ಇಂದಿನ ಅಳತೆಯ ಪ್ರಕಾರ ಮುಖ್ಯ ಕ್ಯಾಪ್ಸೂಲ್ 1232×706 ಪಿಕ್ಸೆಲ್, ಹೆಡರ್ 920×430, ಸಣ್ಣದು 462×174, ಉದ್ದನೆಯದು 748×896, ಕೊಂಡ ಗೇಮ್‌ಗಳ ಪಟ್ಟಿಯಾದ ಲೈಬ್ರರಿಗೆ ಬೇಕಾದದ್ದು 600×900. ಈ ಪಟ್ಟಿಯನ್ನು ಓದಿದವರ ಗಮನ ಸಹಜವಾಗಿಯೇ ದೊಡ್ಡ ಸಂಖ್ಯೆಗಳ ಕಡೆಗೆ ಹೋಗುತ್ತದೆ, ನನ್ನದೂ ಹೋಗಿತ್ತು. ಆದರೆ ಸಣ್ಣ ಕ್ಯಾಪ್ಸೂಲ್‌ನಿಂದ ಸ್ಟೋರ್ ತಾನಾಗಿಯೇ ಇನ್ನೂ ಸಣ್ಣ ಪ್ರತಿಗಳನ್ನು ಮಾಡಿಕೊಳ್ಳುತ್ತದೆ, ಅವುಗಳಲ್ಲಿ ಅತಿ ಚಿಕ್ಕದರ ಅಳತೆ 120×45. ಅಂದರೆ ಒಟ್ಟು 5,400 ಪಿಕ್ಸೆಲ್; ಮುಖ್ಯ ಕ್ಯಾಪ್ಸೂಲ್‌ನ ಸುಮಾರು ನೂರ ಅರವತ್ತನೆಯ ಒಂದು ಪಾಲು. ಹುಡುಕಾಟದ ಪಟ್ಟಿಗಳಲ್ಲಿ ಅಪರಿಚಿತರೊಬ್ಬರು ನಮ್ಮ ಗೇಮ್ ಅನ್ನು ಮೊಟ್ಟಮೊದಲು ನೋಡುವುದು ಇಂಥ ಪುಟ್ಟ ಅಳತೆಗಳಲ್ಲೇ. ದೊಡ್ಡ ಚಿತ್ರವನ್ನು ನೋಡುವವರು ಬಹುಪಾಲು ಆಗಲೇ ಒಂದು ಸಲ ಕ್ಲಿಕ್ ಮಾಡಿ ಒಳಗೆ ಬಂದವರು.

ಹೀಗಾಗಿ ನಾನು ಈಗ ನಂಬುವ ಕ್ರಮವೆಂದರೆ, ಮುಖಚಿತ್ರವನ್ನು ಅತಿ ಚಿಕ್ಕ ಅಳತೆಯಲ್ಲಿ ಮೊದಲು ನಿರ್ಧರಿಸಿ, ಆಮೇಲೆ ದೊಡ್ಡದಕ್ಕೆ ಬೆಳೆಸುವುದು. ದೊಡ್ಡದನ್ನು ಬಿಡಿಸಿ ಕುಗ್ಗಿಸಿದರೆ ಏನು ಉಳಿಯಬೇಕೆಂಬುದನ್ನು ಕುಗ್ಗಿಸುವ ತಂತ್ರಾಂಶ ತೀರ್ಮಾನಿಸುತ್ತದೆ, ನಾವಲ್ಲ. ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣಗಳು ಬೆರೆತು ಒಂದಾಗುವಾಗ ಮೊದಲು ಅಳಿಯುವುದು ತೆಳುವಾದ ಗೆರೆಗಳು, ಅನಂತರ ಒಂದೇ ಹೊಳಪಿನ ಆಕೃತಿಗಳ ನಡುವಿನ ಅಂಚುಗಳು. ನನ್ನ ಚಿತ್ರದಲ್ಲಿ ಆದದ್ದೂ ಇದೇ. ಜೊಂಡಿನ ಎಳೆಗಳು ಮಂಜಿನಲ್ಲಿ ಕರಗಿದವು, ಅಂಚೆಯವಳ ಕಡುಹಸಿರು ಕೋಟು ಕಡುನೀಲಿ ನೀರಿನಲ್ಲಿ ಕರಗಿತು. ಬಣ್ಣಗಳು ಬೇರೆ ಬೇರೆಯಾಗಿದ್ದುದರಿಂದ ದೊಡ್ಡ ಪರದೆಯಲ್ಲಿ ನನಗೆ ಅದು ತಿಳಿದಿರಲಿಲ್ಲ. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿದೊಡನೆ ಕೋಟು, ನೀರು ಎರಡೂ ಒಂದೇ ಬೂದು ಬಣ್ಣವಾಗಿ ಬಿಟ್ಟವು. ಕಣ್ಣು ಆಕೃತಿಯನ್ನು ಗುರುತಿಸಲು ಬಣ್ಣಕ್ಕಿಂತ ಮೊದಲು ನೆರಳು-ಬೆಳಕಿನ ಅಂತರವನ್ನು ನೆಚ್ಚಿಕೊಳ್ಳುತ್ತದೆ ಎಂಬುದು ಚಿತ್ರಕಲೆಯ ಮೊದಲ ಪಾಠಗಳಲ್ಲಿ ಒಂದು. ಅದನ್ನು ಕಲಿತಿದ್ದೆ, ಕಲಿತದ್ದು ಈ ಕೆಲಸಕ್ಕೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

2017ರಲ್ಲಿ ಬಿಡುಗಡೆಯಾದ, ಟೀಮ್ ಚೆರ್ರಿ ಎಂಬ ಪುಟ್ಟ ತಂಡದ ಗೇಮ್ ಹಾಲೋ ನೈಟ್‌ನ ನಾಯಕನನ್ನು ನೆನಪಿಸಿಕೊಳ್ಳಿ. ಬಿಳಿಯ ಮುಖವಾಡ, ಎರಡು ಕೊಂಬು, ಎರಡು ಕಪ್ಪು ಕಣ್ಣು. ಕಡುಬಣ್ಣದ ಹಿನ್ನೆಲೆಯ ಮೇಲೆ ಆ ಮುಖವನ್ನಿಟ್ಟು ಎಷ್ಟು ಕುಗ್ಗಿಸಿದರೂ ಅದು ಅದೇ ಮುಖವಾಗಿ ಉಳಿಯುತ್ತದೆ. ಪಾತ್ರವನ್ನು ರೂಪಿಸುವಾಗಲೇ ಮುಖಚಿತ್ರದ ಅರ್ಧ ಕೆಲಸ ಮುಗಿದಿರಬಹುದೆಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ಅದು. ಎಲ್ಲ ಗೇಮ್‌ಗಳಲ್ಲಿಯೂ ಅಂಥ ಮುಖ ಇರುವುದಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ನನ್ನ ಅಂಚೆಯವಳ ಮುಖ ಗೇಮ್‌ನಲ್ಲಿ ಎಲ್ಲಿಯೂ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಆದರೆ ಅವಳ ಕೈಯಲ್ಲಿ ಲಾಟೀನಿತ್ತು, ಅದನ್ನು ನಾನು ಚಿತ್ರದ ಒಂದು ಮೂಲೆಯಲ್ಲಿ ಉಗುರಿನಷ್ಟು ಗಾತ್ರದಲ್ಲಿ ಇಟ್ಟಿದ್ದೆ.

ಎರಡನೆಯ ಸಲ ಬಿಡಿಸುವಾಗ 120×45ರ ಖಾಲಿ ಹಾಳೆಯೊಂದನ್ನು ತೆರೆದು, ಬರೀ ಮೂರು ಬೂದುಛಾಯೆಗಳಲ್ಲಿ ಆಕೃತಿಗಳನ್ನು ಜೋಡಿಸಿದೆ. ಅಷ್ಟು ಸಣ್ಣ ಹಾಳೆಯಲ್ಲಿ ಏಳು ಮನೆಗಳಿಗೆ ಜಾಗವಿಲ್ಲ, ಚಂದ್ರನಿಗೂ ಇಲ್ಲ. ಹಾಗಾದರೆ ಈ ಗೇಮ್‌ನಲ್ಲಿ ಆಡುವವರು ಮಾಡುವುದೇನು ಎಂದು ನನ್ನನ್ನೇ ಕೇಳಿಕೊಳ್ಳಬೇಕಾಯಿತು. ಅವರು ಲಾಟೀನನ್ನು ಎತ್ತಿ ಹಿಡಿಯುತ್ತಾರೆ, ಕಾಗದದ ಮೇಲಿನ ವಿಳಾಸವನ್ನು ಓದುತ್ತಾರೆ, ಕತ್ತಲಲ್ಲಿ ದಾರಿ ಹುಡುಕುತ್ತಾರೆ. ಹೊಸ ಚಿತ್ರದಲ್ಲಿ ಅವಳು ನಮ್ಮ ಕಡೆಗೆ ತಿರುಗಿ, ಲಾಟೀನನ್ನು ಮುಖದ ಎತ್ತರಕ್ಕೆ ಎತ್ತಿ, ಇನ್ನೊಂದು ಕೈಯಲ್ಲಿ ಹಿಡಿದ ಲಕೋಟೆಯನ್ನು ಆ ಬೆಳಕಿಗೆ ಒಡ್ಡಿದ್ದಾಳೆ. ಲಾಟೀನಿನ ಹಳದಿ, ಲಕೋಟೆಯ ಬಿಳುಪು, ಉಳಿದದ್ದೆಲ್ಲ ಕತ್ತಲು. ನೀರಿನ ಪ್ರತಿಬಿಂಬ, ಜೊಂಡು, ಮಂಜು ಇವನ್ನೆಲ್ಲ ದೊಡ್ಡ ಅಳತೆಗೆ ಬಂದಾಗ ಮತ್ತೆ ಸೇರಿಸಿದೆ, ಆದರೆ ಅವಳು, ಲಾಟೀನು, ಲಕೋಟೆ ಈ ಮೂರು ಆಕೃತಿಗಳ ಹೊಳಪನ್ನು ಅವು ಎಲ್ಲಿಯೂ ಮೀರದಂತೆ ನೋಡಿಕೊಂಡೆ.

ಹೆಸರಿನ ವಿಷಯಕ್ಕೆ ಬಂದರೆ, ಸಣ್ಣ ಕ್ಯಾಪ್ಸೂಲ್‌ನಲ್ಲಿ ಲೋಗೋ ಹೆಚ್ಚುಕಡಿಮೆ ಇಡೀ ಜಾಗವನ್ನು ತುಂಬಬೇಕೆಂದು ಸ್ಟೀಮ್‌ನ ಸೂಚನೆಗಳೇ ಹೇಳುತ್ತವೆ. ಕಲಾವಿದರಿಗೆ ಇದು ಕಷ್ಟದ ಮಾತು, ಚಿತ್ರದ ಮೇಲೆ ಅಕ್ಷರ ಹೇರಿದಂತೆ ಅನಿಸುತ್ತದೆ. ನನ್ನ ಮೊದಲ ಲೋಗೋ ಕಾಗದದ ಮೇಲಿನ ಕೈಬರಹದಂತೆ ತೆಳುವಾಗಿ, ಬಾಲ ಬಿಟ್ಟ ಅಕ್ಷರಗಳಲ್ಲಿತ್ತು. 120 ಪಿಕ್ಸೆಲ್‌ಗೆ ಇಳಿದಾಗ ಅಕ್ಷರದ ಗೆರೆ ಒಂದು ಪಿಕ್ಸೆಲ್‌ಗಿಂತ ತೆಳುವಾಗಿ ಹಿನ್ನೆಲೆಗೆ ಬೆರೆತುಹೋಯಿತು. ಕೈಬರಹದ ಬಾಗು ಉಳಿಸಿಕೊಂಡು ಗೆರೆಗಳನ್ನು ಮೂರು ಪಟ್ಟು ದಪ್ಪ ಮಾಡಿದೆ, ಒಂದೇ ಸಾಲಿನಲ್ಲಿದ್ದ ಹೆಸರನ್ನು ಎರಡು ಸಾಲಿಗೆ ಒಡೆದೆ, ಅಕ್ಷರಗಳ ಹಿಂದೆ ಚಿತ್ರವನ್ನು ಸಾಕಷ್ಟು ಕಪ್ಪಾಗಿಸಿದೆ. ಹೆಸರಿಡುವ ಹಂತದಲ್ಲಿರುವವರಿಗೆ ನನ್ನದೊಂದು ಕಳಕಳಿಯ ಮಾತು: ಉದ್ದನೆಯ ಹೆಸರಿಟ್ಟರೆ ಅದರ ಬೆಲೆಯನ್ನು ಪ್ರತಿಯೊಂದು ಕ್ಯಾಪ್ಸೂಲ್‌ನಲ್ಲಿಯೂ ತೆರಬೇಕಾಗುತ್ತದೆ.

ಚಿತ್ರದ ಮೇಲೆ ಇನ್ನೇನು ಬರೆಯಬಹುದು ಎಂಬ ಪ್ರಶ್ನೆಗೆ ಸ್ಟೀಮ್‌ನಲ್ಲಿ ಉತ್ತರ ಸರಳ. 2022ರ ಸೆಪ್ಟೆಂಬರ್ 1ರಿಂದ ಕ್ಯಾಪ್ಸೂಲ್‌ನ ಮೇಲೆ ಗೇಮ್‌ನ ಚಿತ್ರ, ಹೆಸರು ಮತ್ತು ಅಧಿಕೃತ ಉಪಶೀರ್ಷಿಕೆ ಇವಿಷ್ಟಕ್ಕೆ ಮಾತ್ರ ಅವಕಾಶ. ವಿಮರ್ಶೆಯ ಅಂಕ, ಪ್ರಶಸ್ತಿಯ ಹೆಸರು, ರಿಯಾಯಿತಿಯ ಘೋಷಣೆ ಯಾವುದೂ ಇರಕೂಡದು. ದೊಡ್ಡ ಅಪ್‌ಡೇಟ್ ಬಂದಾಗ ತಾತ್ಕಾಲಿಕ ಚಿತ್ರವೊಂದನ್ನು ಒಂದು ತಿಂಗಳವರೆಗೆ ಇಡಬಹುದು. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ, ಪ್ರಶಸ್ತಿಗಳಿಲ್ಲದ ಸಣ್ಣ ಗೇಮ್‌ಗಳು ಕಣ್ಣಿಗೆ ಬೀಳಲು ಅದರಿಂದ ಸ್ವಲ್ಪವಾದರೂ ಜಾಗ ಸಿಕ್ಕಿದೆ. ಇಚ್.ಐಓ ಎಂಬ ಇನ್ನೊಂದು ಗೇಮ್ ಅಂಗಡಿಯಲ್ಲಿ 630×500ರ ಒಂದೇ ಚಿತ್ರ ಸಾಕು, ಅಲ್ಲಿ ಚಲಿಸುವ ಜಿಫ್ ಚಿತ್ರವನ್ನೂ ಹಾಕಬಹುದು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಚಿತ್ರ ಕೊಡುವ ಭರವಸೆಯ ಪ್ರಶ್ನೆ. ಎರಡನೆಯ ಚಿತ್ರದ ಒಂದು ಹಂತದಲ್ಲಿ ಅಂಚೆಯವಳ ಹಿಂದೆ ಕತ್ತಲಲ್ಲಿ ಒಂದು ಜೊತೆ ಕೆಂಪು ಕಣ್ಣುಗಳನ್ನು ಸೇರಿಸಿದ್ದೆ, ಕಾರಣ ಅದರಿಂದ ಚಿತ್ರಕ್ಕೆ ಬಿಗಿ ಬಂದಿತ್ತು. ನಮ್ಮದರಂಥ ಇಪ್ಪತ್ತು ಗೇಮ್‌ಗಳ ಕ್ಯಾಪ್ಸೂಲ್‌ಗಳಿರುವ ಪುಟದ ಚಿತ್ರ ತೆಗೆದು, ಅವುಗಳ ನಡುವೆ ನನ್ನದನ್ನು ಅಂಟಿಸಿ, ಗೇಮ್ ಆಡಿರದ ನಾಲ್ವರಿಗೆ ಎರಡೆರಡು ಸೆಕೆಂಡು ತೋರಿಸಿ ಇದು ಎಂಥ ಗೇಮ್ ಇರಬಹುದೆಂದು ಕೇಳಿದೆ. ನಾಲ್ವರೂ ಹೆದರಿಕೆಯ ಗೇಮ್ ಎಂದರು. ನಮ್ಮದು ಯಾರೂ ಸಾಯದ, ಯಾರೂ ಅಟ್ಟಿಸಿಕೊಂಡು ಬಾರದ ಗೇಮ್. ಆ ಕಣ್ಣುಗಳನ್ನು ನಂಬಿ ಕ್ಲಿಕ್ ಮಾಡಿದವರು ಸ್ಕ್ರೀನ್‌ಶಾಟ್ ನೋಡಿ ಹಿಂದಿರುಗುತ್ತಿದ್ದರು, ಹಿಂದಿರುಗದೆ ಕೊಂಡವರು ಇನ್ನೂ ಹೆಚ್ಚು ನಿರಾಶರಾಗುತ್ತಿದ್ದರು. ನೆಮ್ಮದಿಯ ಗೇಮ್ ಹುಡುಕುವವರು, ಅಂದರೆ ನಾವು ಯಾರಿಗಾಗಿ ಎರಡು ವರ್ಷ ದುಡಿದೆವೋ ಅವರೇ, ಕ್ಲಿಕ್ ಮಾಡದೆ ಮುಂದೆ ಹೋಗುತ್ತಿದ್ದರು. ಕಣ್ಣುಗಳನ್ನು ಅಳಿಸಿ, ಕತ್ತಲಿನ ಕಪ್ಪಿಗೆ ಒಂದಿಷ್ಟು ನೇರಳೆ ಬೆರೆಸಿ, ಅವಳ ತುಟಿಯಲ್ಲಿ ಸಣ್ಣ ನಗು ತಂದೆ. ಮತ್ತೆ ಬೇರೆ ನಾಲ್ವರಿಗೆ ತೋರಿಸಿದಾಗ ಇಬ್ಬರು ‘ಕಾಗದ ಕೊಡುವ ಗೇಮಾ?’ ಎಂದು ಕೇಳಿದರು. ಅಷ್ಟು ಸಾಕಿತ್ತು.

ಬೇರೆ ಬೇರೆ ಆಕಾರಗಳಿಗೆ ಹೊಂದಿಸುವ ಕೆಲಸ ಬೇಸರದ್ದು, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಒಂದೇ ಚಿತ್ರವನ್ನು ಕತ್ತರಿಸಿ ಅಡ್ಡ ಪಟ್ಟಿಗೂ ಉದ್ದನೆಯ ಕ್ಯಾಪ್ಸೂಲ್‌ಗೂ ಹಾಕಿದರೆ ಯಾವುದಾದರೊಂದರಲ್ಲಿ ಲಾಟೀನೋ ತಲೆಯೋ ಹೊರಗೆ ಹೋಗುತ್ತದೆ. ಪಾತ್ರ, ವಸ್ತು, ಹಿನ್ನೆಲೆ, ಲೋಗೋ ಇವನ್ನು ಬೇರೆ ಬೇರೆ ಪದರಗಳಲ್ಲಿ, ಅಂದರೆ ಲೇಯರ್‌ಗಳಲ್ಲಿ ಇಟ್ಟುಕೊಂಡು ಪ್ರತಿ ಆಕಾರಕ್ಕೂ ಹೊಸದಾಗಿ ಜೋಡಿಸಬೇಕು. ಬೇರೆ ಕಲಾವಿದರಿಂದ ಬರೆಸುವವರು ಲೇಯರ್‌ಗಳಿರುವ ಮೂಲ ಕಡತವನ್ನು ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಮುಂದೆ ಬೇರೆ ಭಾಷೆಯ ಲೋಗೋ ಹಾಕುವಾಗಲೂ ಅದೇ ಬೇಕಾಗುತ್ತದೆ.

ಹೊಸ ಚಿತ್ರ ಹಾಕಿದ ಮೇಲೆ ಸ್ಟೋರ್ ಒದಗಿಸುವ ಅಂಕಿಗಳಲ್ಲಿ, ಕ್ಯಾಪ್ಸೂಲ್ ಎಷ್ಟು ಸಲ ಕಂಡಿತು, ಎಷ್ಟು ಜನ ಪುಟಕ್ಕೆ ಬಂದರು ಎಂಬ ಎರಡು ಸಾಲುಗಳನ್ನು ಗಮನಿಸುತ್ತಾ ಬಂದೆ. ಸೇಲ್ ಇದ್ದ ವಾರವನ್ನು ಇಲ್ಲದ ವಾರದೊಡನೆ ಹೋಲಿಸಬಾರದು, ಆದ್ದರಿಂದ ಸೇಲ್ ಇಲ್ಲದ ನಾಲ್ಕು ವಾರಗಳ ಅಂಕಿಗಳನ್ನು ಹಳೆಯ ನಾಲ್ಕು ವಾರಗಳ ಪಕ್ಕದಲ್ಲಿಟ್ಟು ನೋಡಿದೆ. ಕಂಡವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು, ಬಂದವರ ಸಂಖ್ಯೆ ದುಪ್ಪಟ್ಟಿಗೆ ಹತ್ತಿರವಾಗಿತ್ತು.

ಈಗ ಎರಡನೆಯ ಗೇಮ್‌ನ ಕೆಲಸ ಅರ್ಧಕ್ಕೆ ಬಂದಿದೆ. ಅದರ ಕಡತಗಳ ನಡುವೆ ಕಳೆದ ತಿಂಗಳಿನಿಂದ 120×45ರ ಒಂದು ಪುಟ್ಟ ಹಾಳೆ ಇದೆ, ಅದರಲ್ಲಿ ಬೂದು ಹಿನ್ನೆಲೆಯ ಮೇಲೆ ಒಂದು ಬಿಳಿ ದೋಣಿ, ದೋಣಿಯೊಳಗೆ ಕಪ್ಪು ಚುಕ್ಕೆಯಂಥ ಒಂದು ನಾಯಿ. ನಾಯಿ ಇನ್ನೂ ನಾಯಿಯಂತೆ ಕಾಣುತ್ತಿಲ್ಲ. ಕಿವಿಗಳನ್ನು ಎರಡು ಪಿಕ್ಸೆಲ್ ಎತ್ತರಿಸಿ ನೋಡಬೇಕು.