ಗೇಮಿಂಗ್ ಪಿಸಿ: ಅಸೆಂಬಲ್ ಮಾಡ್ಸೋದಾ, ರೆಡಿಮೇಡ್ ತಗೊಳ್ಳೋದಾ?

ದಾವಣಗೆರೆಯಲ್ಲಿರೋ ಚಿಕ್ಕಮ್ಮನ ಮಗ ಕೇಳ್ತಿದ್ದಾನೆ, "ಅಣ್ಣ, ಯಾವ್ದು ತಗೊಳ್ಲಿ?" ಬೇರೆ ಟೈಮಾಗಿದ್ರೆ ಬೆಂಗಳೂರಿಗೆ ಬಾ, ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡೀಲಿ ಬೇರೆಬೇರೆ ಪಾರ್ಟ್ಸ್ ತಗೊಂಡು ಅಸೆಂಬಲ್ ಮಾಡ್ಸೋಣ ಅಂದು ಮುಗಿಸ್ತಿದ್ದೆ. ಈಗ ರ‍್ಯಾಮ್ (ಮೆಮೊರಿ) ರೇಟು ಎಲ್ಲಾ ಲೆಕ್ಕ ಕೆಡಿಸಿದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳೇ ಮೆಮೊರಿನೆಲ್ಲಾ ಬಾಚ್ಕೊಂಡು ಹೋಗ್ತಿವೆ, ಮೆಮೊರಿ ಮಾಡೋ ಮೈಕ್ರಾನ್ ಕಂಪನಿ ಅಂತೂ ಆ ಡಿಸೆಂಬರಲ್ಲಿ ಕ್ರೂಷಿಯಲ್ ಹೆಸರಲ್ಲಿ ನಮ್ಮಂಥೋರಿಗೆ ರ‍್ಯಾಮ್ ಮಾರೋದನ್ನೇ ನಿಲ್ಲಿಸ್ತೀವಿ ಅಂದ್ಬಿಡ್ತು. ಹಂಗಾಗಿ ಹಳೇ ರೇಟಿನ ಸ್ಟಾಕಿರೋ ರೆಡಿಮೇಡ್ ಸಿಸ್ಟಮ್ ಕೆಲವು ಸಲ ಅಗ್ಗಕ್ಕೇ ಬೀಳ್ಬಹುದು.

ಆದ್ರೆ ರೆಡಿಮೇಡಲ್ಲಿ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ ಹೆಸರು ಮಾತ್ರ ದಪ್ಪಕ್ಷರದಲ್ಲಿರತ್ತೆ, ಮದರ್‌ಬೋರ್ಡು, ಎಸ್‌ಎಂಪಿಎಸ್ (ಪವರ್ ಸಪ್ಲೈ) ಯಾವ್ದು ಅಂತ ಕೇಳಿದ್ರೆ ಅಂಗಡಿಯವ್ರೇ ಮುಖ ನೋಡ್ತಾರೆ. ಕೆಲವು ಕಂಪನಿಗಳು ತಮ್ಮದೇ ಆಕಾರದ ಬೋರ್ಡು ಹಾಕಿರ್ತವೆ, ನಾಳೆ ದೊಡ್ಡ ಕಾರ್ಡ್ ಹಾಕ್ಬೇಕು ಅಂದ್ರೆ ಎಸ್‌ಎಂಪಿಎಸ್ ಸಾಲಲ್ಲ, ಹೊರಗಡೆದು ತಂದ್ರೆ ಕೂರಲ್ಲ, ಆಮೇಲೆ ಕ್ಯಾಬಿನೆಟ್ ಸಮೇತ ಎಲ್ಲಾ ಬದಲಾಯಿಸ್ಬೇಕು. ಇನ್ನೊಂದು ಕಳ್ಳಾಟ, 16 ಜಿಬಿ ಮೆಮೊರಿನ ಒಂದೇ ಸ್ಟಿಕ್‌ನಲ್ಲಿ ಕೊಡೋದು. ಎರಡು 8 ಇದ್ರೆ ಡ್ಯುಯಲ್ ಚಾನೆಲ್ ಆಗತ್ತೆ, ಅಂದ್ರೆ ಎರಡೂ ಒಟ್ಟಿಗೆ ಕೆಲಸ ಮಾಡ್ತವೆ, ಒಂದೇ ಇದ್ರೆ ಗೇಮಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಬೀಳತ್ತೆ.

ಅಸೆಂಬಲ್ ಮಾಡ್ಸೋದ್ರ ನಿಜವಾದ ಲಾಭ ನನ್ನ ಪ್ರಕಾರ ದುಡ್ಡು ಉಳಿಯೋದಲ್ಲ, ಮುಂದಿನ ಅಪ್‌ಗ್ರೇಡು. ಎಎಂಡಿ ಕಂಪನಿಯ ಎಎಂ5 ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) 2022ರಲ್ಲಿ ಬಂತು, 2027ರವರೆಗಾದ್ರೂ ಸಪೋರ್ಟ್ ಕೊಡ್ತೀವಿ ಅಂದಿದ್ದಾರೆ, ಅಂದ್ರೆ ಈಗ ರೈಜೆನ್ 5 7600 ಪ್ರೊಸೆಸರ್ ಹಾಕಿ ಆಮೇಲೆ ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಲ್ಲಿ ಗೇಮಿಗೆ ಇನ್ನೂ ಫಾಸ್ಟಾಗಿರೋ ಎಕ್ಸ್3ಡಿ ಚಿಪ್ ಕೂರಿಸ್ಬಹುದು.

ತಲೆನೋವು ವಾರಂಟಿದು. ರೆಡಿಮೇಡ್‌ಗೆ ಆನ್‌ಸೈಟ್ ಇದ್ರೆ ಮನೆಗೇ ಬಂದು ನೋಡ್ತಾರೆ. ಅಸೆಂಬಲ್ ಸಿಸ್ಟಮಲ್ಲಿ ಒಂದೊಂದು ಪಾರ್ಟಿಗೂ ಒಂದೊಂದು ಕಂಪನಿ, ಕೆಟ್ಟಿದ್ದು ಯಾವ್ದು ಅಂತ ಮೊದ್ಲು ನೀವೇ ಹುಡುಕ್ಬೇಕು. ಅದಕ್ಕೇ ಸೀರಿಯಲ್ ನಂಬರ್ ಸಮೇತ ಜಿಎಸ್‌ಟಿ ಬಿಲ್ ಬೇಕೇ ಬೇಕು, "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್" ಅಂದ್ರೆ ಮುಂದಿನ ಅಂಗಡಿಗೆ ನಡೀರಿ.

ಚಿಕ್ಕಮ್ಮನ ಮಗ ಆಡೋದು ವ್ಯಾಲೊರೆಂಟ್ ಅನ್ನೋ ಶೂಟಿಂಗ್ ಗೇಮ್, ಅದಕ್ಕೆ ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್ ಕೂಡ ಜಾಸ್ತಿನೇ (ಅಪ್ಪ ದುಡ್ಡು ಕೊಡ್ತಾರೆ ಅಂದ್ರೆ ಎಲ್ರಿಗೂ ದೊಡ್ಡ ಕಾರ್ಡೇ ಬೇಕು ಬಿಡಿ). ಪಾರ್ಟ್ಸ್ ಲಿಸ್ಟ್ ನಾನು ಮಾಡ್ಕೊಡ್ತೀನಿ, ಅಲ್ಲೇ ಊರಲ್ಲಿ ಕೂರಿಸ್ಕೊಡೋರ ಹತ್ರ ಹಾಕ್ಸು, 16 ಜಿಬಿ ಸಾಕು, ಅದೇ ಪಾರ್ಟ್ಸ್ ಇರೋ ರೆಡಿಮೇಡ್ ಕಮ್ಮಿಗೆ ಸಿಕ್ರೆ ಮದರ್‌ಬೋರ್ಡ್ ಮಾಡೆಲ್ ನಂಗೆ ಕಳಿಸಿ ಆಮೇಲೆ ದುಡ್ಡು ಕೊಡು ಅಂದಿದ್ದೀನಿ. ಹಾಂ, ವಿಂಡೋಸ್ 11ರಲ್ಲಿ ವ್ಯಾಲೊರೆಂಟ್‌ಗೆ ಟಿಪಿಎಂ, ಸೆಕ್ಯೂರ್ ಬೂಟ್ ಅನ್ನೋ ಸೆಕ್ಯೂರಿಟಿ ಸೆಟ್ಟಿಂಗ್ ಎರಡೂ ಆನ್ ಇರ್ಬೇಕು, ಅಂಗಡಿಯಲ್ಲೇ ಚೆಕ್ ಮಾಡಿಸ್ಕೊಂಡು ಬಾ, ಇಲ್ಲಾಂದ್ರೆ ರಾತ್ರಿ ಹನ್ನೊಂದಕ್ಕೆ ನನಗೇ ಫೋನ್ ಬರತ್ತೆ.