ಎಂಟನೇ ಕ್ಲಾಸಿನ ಚಕ್ರ ಕೊನೆಗೂ ತಿರುಗಿತು

ತಿರುಗಿತು! ಮೂರು ತಿಂಗಳು, 11 ಮಾದರಿ, ಸುತ್ತಿಗೆ ಪೆಟ್ಟಿಗೆ ಕಪ್ಪಾದ ಒಂದು ಹೆಬ್ಬೆರಳು. ಇಷ್ಟೆಲ್ಲ ಆದ ಮೇಲೆ ನಿನ್ನೆ ರಾತ್ರಿ ಒಂಬತ್ತೂವರೆಗೆ ಚಕ್ರ ತಿರುಗಿತು. ಎಂಟನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮನಿಗೆ ಶಾಲೆಯ ವರ್ಷವನ್ನು ತಿಂಗಳು ತಿಂಗಳಾಗಿ ತೋರಿಸುವ ರಟ್ಟಿನ ಚಕ್ರ. ಅದೂ ಸಾಗರದ ಮಳೆಯಲ್ಲಿ. ನಮ್ಮೂರಲ್ಲಿ ಈ ತಿಂಗಳುಗಳಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಇನ್ನು ಕಾರ್ಡ್ ಶೀಟಿನ ಪಾಡು ಕೇಳಬೇಡಿ.

ಹಿಂದಿನ ಕಂತು ಓದದವರಿಗೆ ಎರಡು ಮಾತು. ತಂಗಿಯ ಮಗಳು ಈ ವರ್ಷ ಏಳು ಮುಗಿಸಿ ಎಂಟಕ್ಕೆ ಸೇರಿದಳು. ಮನೆ ಪಕ್ಕದ ಪ್ರೈಮರಿ ಶಾಲೆ ಬಿಟ್ಟು ಆರು ಕಿಲೋಮೀಟರ್ ಆಚೆಯ ಸರಕಾರಿ ಹೈಸ್ಕೂಲಿಗೆ. ಜೂನ್ ಪೂರ್ತಿ ತಂಗಿಯ ಫೋನೇ ಫೋನು. "ಅಣ್ಣ, ಮಧ್ಯಾಹ್ನ ಊಟ ಇಲ್ಲೂ ಕೊಡ್ತಾರಾ?" ಕೊಡ್ತಾರೆ, ಹತ್ತನೇ ಕ್ಲಾಸಿನ ತನಕ. "ಅಣ್ಣ, ಪಿಸಿಎಂ ಮೇಷ್ಟ್ರನ್ನ ಕಾಣಿ ಅಂದ್ರು. ಅವರ ಇನಿಷಿಯಲ್ಲಾ ಅದು?" ನಕ್ಕೆ. ಆಮೇಲೆ ಯೋಚಿಸಿದರೆ ಅವಳ ತಪ್ಪೇನೂ ಇಲ್ಲ. ಪ್ರೈಮರಿಯಲ್ಲಿ ಒಬ್ಬರೇ ಟೀಚರ್ ಮೂರು ನಾಲ್ಕು ವಿಷಯ ಹೇಳಿಕೊಡುತ್ತಿದ್ದರು, ಮಗುವಿನ ಜ್ವರದಿಂದ ಹಿಡಿದು ಮಗ್ಗಿಯ ತನಕ ಅವರಿಗೇ ಗೊತ್ತಿರುತ್ತಿತ್ತು. ಇಲ್ಲಿ ಬೆಲ್ ಹೊಡೆದಾಗೆಲ್ಲ ಮೇಷ್ಟ್ರು ಬದಲು. ಪಿಸಿಎಂ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿ ಬಂದವರು, ಗಣಿತ ಅವರದ್ದು. ಸಿಬಿಝಡ್ ಅಂದರೆ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ. ಶಾಲೆಯವರಿಗೆ ಇದು ನೀರು ಕುಡಿದಷ್ಟು ಸಹಜ. ಗೇಟಿನ ಹೊರಗೆ ನಿಂತ ಅಮ್ಮನಿಗೆ ಮಾತ್ರ ಅರ್ಥ ಆಗಲ್ಲ.

ಹಾಗೆ ಹುಟ್ಟಿದ್ದು ಈ ಚಕ್ರ. ಎದುರಿಗೆ ಒಂದು ಕಿಟಕಿ, ಒಳಗೆ 15 ಸೆಂಟಿಮೀಟರಿನ ಬಿಲ್ಲೆ, 12 ತಿಂಗಳಿಗೆ 12 ಭಾಗ. ತಿಂಗಳು ತಿರುಗಿಸಿದರೆ ಆಗ ಶಾಲೆಯಲ್ಲಿ ಏನು ನಡೆಯುತ್ತದೆ, ಯಾರನ್ನು ಕೇಳಬೇಕು ಎನ್ನುವುದು ಕಿಟಕಿಯಲ್ಲಿ ಕಾಣುತ್ತದೆ. ಹಿಂದಿನ ಕಿಟಕಿಯಲ್ಲಿ ಮನೆಯವರು ಮಾಡಬೇಕಾದ್ದು. ಡಿಸೈನ್, ಪ್ರಿಂಟ್, ಕಟಿಂಗ್ ಎಲ್ಲ ಎಂದಿನ ಹಾಗೇ. ಅದನ್ನು ಬರೆದು ನಿಮ್ಮ ತಲೆ ತಿನ್ನಲ್ಲ.

ಬರಹದ ಬಗ್ಗೆ ಸ್ವಲ್ಪ ಹೇಳಲೇಬೇಕು. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ಸಣ್ಣವು; ಎರಡು ಎಸ್‌ಎ, ಅಂದರೆ ದೊಡ್ಡ ಪರೀಕ್ಷೆ. ಎರಡು ಎಫ್‌ಎ ಆದ ಮೇಲೆ ದಸರಾಕ್ಕೆ ಮುಂಚೆ ಎಸ್‌ಎ-1, ಮತ್ತೆ ಎರಡು ಎಫ್‌ಎ, ವರ್ಷದ ಕೊನೆಗೆ ಎಸ್‌ಎ-2. ಮೊದಲ ಮಾದರಿಯಲ್ಲಿ ಸರಕಾರಿ ಹೆಸರನ್ನೇ ಹಾಕಿದ್ದೆ: ರೂಪಣಾತ್ಮಕ ಮೌಲ್ಯಮಾಪನ, ಸಂಕಲನಾತ್ಮಕ ಮೌಲ್ಯಮಾಪನ. 30 ಡಿಗ್ರಿ ಜಾಗದಲ್ಲಿ ಆ ಪದಗಳನ್ನು ತುರುಕಲು ಅಕ್ಷರವನ್ನು ಇರುವೆ ಗಾತ್ರಕ್ಕೆ ಇಳಿಸಬೇಕಾಯಿತು. ಬೇಡ ಅಂತ ಎರಡನೇ ಮಾದರಿಯಲ್ಲಿ ಬರೀ 'ಎಫ್‌ಎ-1' ಅಂದೆ. ತಂಗಿ ಕೇಳಿದಳು, "ಎಫ್ ಅಂದ್ರೆ ಫೇಲಾ?" ಈಗ 'ಎಫ್‌ಎ-1: ಕಿರುಪರೀಕ್ಷೆ, ಚಟುವಟಿಕೆ' ಅಂತ ಇದೆ. ಕೆಳಗೆ ಒಂದು ಸಾಲು: 'ಚಾರ್ಟ್ ಮಾಡಿಕೊಡಬೇಡಿ, ಅವರೇ ಮಾಡಲಿ'. ಆ ಸಾಲು ನೇರ ನನ್ನ ಭಾವನಿಗೆ. ಮಗಳ ಸೌರಮಂಡಲವನ್ನು ರಾತ್ರಿ ಕೂತು ಪೂರ್ತಿ ಅವರೇ ಬರೆದಿದ್ದರು. ಶನಿಯ ಬಳೆಗೆ ಗ್ಲಿಟರ್ ಬೇರೆ.

ಹಿಂದಿನ ಕಿಟಕಿಯಲ್ಲಿ ಕೆಂಪಕ್ಷರದ್ದು ಒಂದೇ: ಎನ್‌ಎಂಎಂಎಸ್. ಇದು 2008ರಿಂದ ಇರುವ ಕೇಂದ್ರದ ಸ್ಕಾಲರ್‌ಶಿಪ್. ಪರೀಕ್ಷೆ ಬರೆಯುವುದು ಎಂಟನೇ ಕ್ಲಾಸಿನಲ್ಲೇ. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ಎರಡು ಪೇಪರ್, ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ದುಡ್ಡು ಬರುವುದು ಮಗುವಿನ ಬ್ಯಾಂಕ್ ಖಾತೆಗೆ. ಅಂದರೆ ಶಾಲೆಯಲ್ಲಿ, ಆಧಾರಿನಲ್ಲಿ, ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ಥರ ಇರಬೇಕು. ನಮ್ಮ ಹುಡುಗಿಗೆ ಒಂದು ಕಡೆ ಇನಿಷಿಯಲ್ ಹಿಂದೆ, ಒಂದು ಕಡೆ ಮುಂದೆ, ಇನ್ನೊಂದು ಕಡೆ ಇನಿಷಿಯಲ್ಲೇ ಇಲ್ಲ. ಅದನ್ನು ಸರಿ ಮಾಡಿಸಲು ಭಾವ ಎರಡು ದಿನ ಅಡಿಕೆ ತೋಟ ಬಿಟ್ಟು ಓಡಾಡಿದರು. ಜೂನ್ ಭಾಗದಲ್ಲೇ 'ಮೂರೂ ಕಡೆ ಹೆಸರು ನೋಡಿ' ಅಂತ ಸೇರಿಸಿದ್ದು ಅದಕ್ಕೇ.

ಇನ್ನು ಅಸಲಿ ಗೋಳು. ಕೀಲು.

ಚಕ್ರ ಮಾಡಿದವರಿಗೆಲ್ಲ ಗೊತ್ತು, ಎಲ್ಲ ಸರಿಯಾಗಿದ್ದು ನಡುವಿನ ಕೀಲು ಕೈಕೊಟ್ಟರೆ ಅದು ಬರೀ ರಟ್ಟು. ಮೊದಲು ಐಲೆಟ್ ಹೊಡೆದೆ, ಅಂದರೆ ತೂತಿಗೆ ಕೂರಿಸುವ ಲೋಹದ ಬಳೆ. ಬಿಗಿಯಾಯಿತು, ಬಿಲ್ಲೆ ಅಲ್ಲಾಡಲಿಲ್ಲ. ಎರಡನೇ ಸಲ ಹಳೇ ಉಪಾಯ: ನಡುವೆ ಸೀಳಿದ ಪೋಸ್ಟ್ ಕಾರ್ಡ್ ಇಟ್ಟು ಐಲೆಟ್ ಹೊಡೆದು, ಆಮೇಲೆ ಕಾರ್ಡ್ ಎಳೆದುಬಿಟ್ಟೆ. ಬೆಣ್ಣೆ ಥರ ತಿರುಗಿತು. ಕುಣಿದಾಡಿಬಿಟ್ಟೆ. ಅದೇ ಖುಷಿಯಲ್ಲಿ ಒಂದನ್ನು ತಂಗಿಗೆ ಕಳಿಸಿದೆ.

ಜುಲೈ ಮಳೆ ಹಿಡಿಯಿತು. ಮೊದಲು ಬಿಲ್ಲೆ ಹಲಸಿನ ಹಪ್ಪಳದ ಹಾಗೆ ಸುರುಳಿಯಾಯಿತು. ಇದು ನನ್ನದೇ ದಡ್ಡತನ. ದುಡ್ಡು ಉಳಿಸಲು ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿಸಿದ್ದೆ. ಬರೀ ಬದಿ ತೇವ ಕುಡಿಯಿತು, ಇನ್ನೊಂದು ಬದಿ ಕುಡಿಯಲಿಲ್ಲ, ಬಗ್ಗದೆ ಇನ್ನೇನಾಗುತ್ತದೆ? ಎರಡೂ ಬದಿ ಮಾಡಿಸಿದೆ. ಸುರುಳಿ ನಿಂತಿತು. ಆದರೆ ಅಂಚಿನಿಂದ ತೇವ ಹೋಗುತ್ತಲೇ ಇತ್ತು. ಕಾಗದ ನಾರಿಗೆ ಅಡ್ಡಲಾಗಿ ಜಾಸ್ತಿ ಹಿಗ್ಗುತ್ತದೆ ಅಲ್ವಾ, ದುಂಡಗಿದ್ದ ಬಿಲ್ಲೆ ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರ ಆಗಿ ಕವರಿನ ಅಂಚಿಗೆ ಉಜ್ಜತೊಡಗಿತು. ಬಿಲ್ಲೆಯನ್ನು 2 ಮಿಲಿಮೀಟರ್ ಕಿರಿದು ಮಾಡಿದೆ. ಉಜ್ಜುವುದು ನಿಂತು ಅಲುಗಾಟ ಶುರುವಾಯಿತು. ಐಲೆಟ್ಟಿನ ಸುತ್ತ ತೂತು ದೊಡ್ಡದಾಗಿ ಬಿಲ್ಲೆ ಅತ್ತಿತ್ತ ಜಾರಿ, ಕಿಟಕಿಯಲ್ಲಿ ಅರ್ಧ ಈ ತಿಂಗಳು, ಅರ್ಧ ಮುಂದಿನ ತಿಂಗಳು.

ಅದರಿಂದೇನು ಮಹಾ ಅಂತೀರಾ? ಚೌತಿಗೆ ಮುಂಚೆ ತಂಗಿಯ ಫೋನು. "ಅಣ್ಣ, ಈ ಸಲ ದಸರಾಕ್ಕೆ ತವರಿಗೆ ಬರಲ್ಲ. ರಜೆಯಲ್ಲೇ ಪರೀಕ್ಷೆ ಇಟ್ಟಿದ್ದಾರೆ."

"ಯಾರು ಹೇಳಿದ್ದು?"

"ನಿನ್ನ ಚಕ್ರನೇ ಹೇಳ್ತು."

ಕಿಟಕಿಯ ಅರ್ಧದಲ್ಲಿ 'ಎಸ್‌ಎ-1', ಇನ್ನರ್ಧದಲ್ಲಿ 'ದಸರಾ ರಜೆ'. ಅಪ್ಪ ಅಮ್ಮನ ಗೊಂದಲ ಕಳೆಯಲು ಮಾಡಿದ ಸಾಮಾನು ಸ್ವಂತ ತಂಗಿಯ ಹಬ್ಬವನ್ನೇ ತಪ್ಪಿಸುತ್ತಿತ್ತು. ನಮ್ಮ ಅಮ್ಮನಿಗೆ ವಿಷಯ ಗೊತ್ತಾಗಿ, ಎರಡು ದಿನ ನನ್ನ ತಟ್ಟೆಗೆ ತುಪ್ಪ ಬೀಳಲಿಲ್ಲ.

ಸರಿ, ಐಲೆಟ್ಟೇ ಬೇಡ ಅಂದುಕೊಂಡೆ. ಎರಡು ಕಾಲಿನ ಹಿತ್ತಾಳೆ ಪಿನ್ ಹಾಕಿದೆ. ಕಾಲು ಹಿಂದಿನ ಬರಹವನ್ನು ಗೀರಿತು, ಪಕ್ಕದ ಮನೆಯ ಪುಟ್ಟನ ಬೆರಳನ್ನೂ ಗೀರಿತು. ಆಫೀಸ್ ಫೈಲಿನ ಟ್ಯಾಗ್ ಹಾಕಿ ನೋಡಿದೆ. ಚಕ್ರ ತಾಲ್ಲೂಕು ಕಚೇರಿಯ ಫೈಲಿನಂತೆ ಕಂಡಿತು, ಅಷ್ಟೇ ವೇಗದಲ್ಲಿ ತಿರುಗಿತು. ಪ್ಲಾಸ್ಟಿಕ್ ರಿವೆಟ್ ತರಿಸೋಣ ಅಂತ ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದೆ. 5 ಮಿಲಿಮೀಟರಿನದು ಬೇಕು ಅಂತ ಮೂರು ಸಲ ಹೇಳಿದೆ. 12 ದಿನಕ್ಕೆ ಬಂದದ್ದು 8 ಮಿಲಿಮೀಟರಿನದು. ಕೇಳಿದರೆ, "ಇದೇ ಈಗ ಎಲ್ರೂ ತಗೊಳ್ಳೋದು ಸಾರ್." ಎಲ್ರೂ ಅಂದರೆ ಯಾರು ಮಾರಾಯ್ರೆ? ಇಡೀ ರಾಜ್ಯದಲ್ಲಿ ಚಕ್ರ ಮಾಡುವವರು ನಾವು ಹತ್ತು ಜನ ಇದ್ದೇವೋ ಇಲ್ಲವೋ. ಕಾರ್ಡ್ ಶೀಟ್ ಕೊಡುವವರದ್ದು ಇನ್ನೊಂದು ಕಥೆ. 300 ಜಿಎಸ್‌ಎಂ ಅಂತ ಕೊಟ್ಟ ಕಟ್ಟಿನಲ್ಲಿ ಮೇಲಿನ ಹತ್ತು ಹಾಳೆ ಮಾತ್ರ ದಪ್ಪ. ಕೆಳಗಿನವು ಮದುವೆ ಕಾರ್ಡಿಗೂ ಆಗಲ್ಲ.

ಇದರ ನಡುವೆ ಇನ್ನೊಂದು ತಲೆನೋವು. ಮಾದರಿ ತೋರಿಸಲು ಹೈಸ್ಕೂಲಿಗೆ ಹೋಗಿದ್ದೆ. ಹೆಡ್‌ಮಾಸ್ಟರ್ ಒಳ್ಳೆಯವರು, ಕನ್ನಡಕ ಏರಿಸಿ ಪೂರ್ತಿ ಓದಿದರು. ಕವರಿನ ಮೇಲಿನ 'ಹೈಸ್ಕೂಲಿನ ಮೊದಲ ವರ್ಷ' ನೋಡಿ ನಕ್ಕರು. "2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟು ಅಂದ್ರೆ ಎಲಿಮೆಂಟರಿಯ ಕೊನೇ ವರ್ಷ. ನಮ್ಮಲ್ಲಿ ಹೈಸ್ಕೂಲಿನ ಮೊದಲನೇದು. ನೀವು ಬರೆದದ್ದೂ ಸರಿ, ಕಾನೂನೂ ಸರಿ." ಆಮೇಲೆ ಕೇಳಿದರು, "ಮುಂದಿನ ವರ್ಷ ನಿಯಮ ಬದಲಾದ್ರೆ ಇದನ್ನ ಏನ್ ಮಾಡ್ತೀರಿ?" 2024ರಲ್ಲಿ ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ನಡೆಸಿ, ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ಫಲಿತಾಂಶಕ್ಕೇ ತಡೆ ಬಿದ್ದದ್ದು ನೆನಪಿದೆಯಲ್ವಾ? ಆ ವರ್ಷ ಈ ಚಕ್ರ ಇದ್ದಿದ್ದರೆ ಮಾರ್ಚಿನ ಭಾಗದಲ್ಲಿ ಏನು ಬರೆಯುತ್ತಿದ್ದೆನೋ. ಉತ್ತರ ಹೊಳೆಯದೆ ಚಹಾ ಕುಡಿದು ಬಂದೆ.

ಬಿಚ್ಚಲು ಬರುವ ಕೀಲು ಬೇಕಿತ್ತು. ಸಿಕ್ಕಿದ್ದು ಟೈಲರ್ ಅಂಗಡಿಯಲ್ಲಿ. ಹೆಂಡತಿಯ ಬ್ಲೌಸ್ ತರಲು ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಟೈಲರಮ್ಮ ಟಿಚ್ ಬಟನ್ ಹೊಲಿದು, ಸರಿ ಇದೆಯಾ ಅಂತ ಒತ್ತಿ ನೋಡಿದರು. ಟಿಚ್. ಬಿಚ್ಚಿದರು. ಮತ್ತೆ ಟಿಚ್. ನಾನು ಎದ್ದು ನಿಂತೆ. ದೊಡ್ಡ ಸೈಜಿನ ಒಂದು ಡಜನ್ ಇಸಕೊಂಡು ಬಂದೆ. ಬ್ಲೌಸ್ ಅಲ್ಲೇ ಉಳಿಯಿತು. ಆ ವಿಷಯ ಬಿಡಿ.

ಇದರ ಗುಟ್ಟು ಇಷ್ಟೇ. ಬಟನ್ನನ್ನು ಬಿಲ್ಲೆಗೆ ಹಾಕಬಾರದು. ಗಂಡು ಭಾಗವನ್ನು ಹಿಂದಿನ ಕವರಿಗೆ, ಹೆಣ್ಣು ಭಾಗವನ್ನು ಮುಂದಿನ ಕವರಿಗೆ ನಾಲ್ಕೂ ತೂತಿನಲ್ಲಿ ಹೊಲಿಯಬೇಕು. ಬಟನ್ನಿನ ಅಗಲ 10 ಮಿಲಿಮೀಟರ್. ಬಿಲ್ಲೆಯ ನಡುವೆ 11 ಮಿಲಿಮೀಟರಿನ ತೂತು. ಎರಡು ಭಾಗ ಕೂಡಿದಾಗ ಇಡೀ ಬಟನ್ನೇ ಅಚ್ಚು. ಬಿಲ್ಲೆ ಅದರ ಸುತ್ತ ತಿರುಗುತ್ತದೆ. ಅಚ್ಚು ದಪ್ಪ ಇರುವುದರಿಂದ ತೂತು ಹರಿಯುವುದಿಲ್ಲ. ಬಟನ್ನಿನ ದಪ್ಪವೇ ಎರಡು ಕವರನ್ನು ದೂರ ಹಿಡಿದಿರುತ್ತದೆ, ಬಿಲ್ಲೆ ಸ್ವಲ್ಪ ಉಬ್ಬಿದರೂ ಉಜ್ಜುವುದಿಲ್ಲ. ಕವರಿನ ಎಡಕ್ಕೆ ಮಡಿಕೆ, ಉಳಿದ ಮೂರು ಅಂಚಿಗೆ 2 ಮಿಲಿಮೀಟರ್ ಸನ್‌ಬೋರ್ಡ್ (ಹಗುರ ಫೋಮ್ ಹಾಳೆ) ಪಟ್ಟಿ, ಅದೂ ಹಿಂದಿನ ಕವರಿಗೆ ಮಾತ್ರ ಅಂಟಿಸಿದ್ದು. ತೂತಿಗೆ ನನ್ನ ಪಂಚ್ ಸಾಲದೆ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಪಂಚ್ ಕಡ ತಂದೆ. ಒಂದೇ ಪೆಟ್ಟು, ಅಂಚು ನುಣ್ಣಗೆ. ಇಷ್ಟು ವರ್ಷ ಸುಮ್ನೆ ಕ್ರಾಫ್ಟ್ ಅಂಗಡಿಗೆ ದುಡ್ಡು ಸುರಿದೆ.

ನಿನ್ನೆ ರಾತ್ರಿ ಅದನ್ನು ಬಚ್ಚಲುಮನೆಯಲ್ಲಿ, ಹಂಡೆಯ ಹಬೆಯಲ್ಲಿ ಅರ್ಧ ಗಂಟೆ ನೇತುಹಾಕಿದೆ. ತೆಗೆದು ತಿರುಗಿಸಿದೆ. ಸೆಪ್ಟೆಂಬರ್. ಅಕ್ಟೋಬರ್. ನವೆಂಬರ್. ಪ್ರತಿ ತಿಂಗಳೂ ಕಿಟಕಿಯ ನಡುವೆಯೇ ಬಂದು ನಿಂತಿತು. ಮುಂದಿನ ವರ್ಷ ನಿಯಮ ಬದಲಾದರೆ ಟಿಚ್ ಅಂತ ಬಿಚ್ಚಿ ಬಿಲ್ಲೆ ಮಾತ್ರ ಬೇರೆ ಹಾಕಿದರಾಯಿತು. ಹೆಡ್‌ಮಾಸ್ಟರಿಗೆ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದೆ. ಹೆಬ್ಬೆರಳು ಎತ್ತಿದ ಚಿತ್ರ ಬಂತು. ನನ್ನ ಹೆಬ್ಬೆರಳು ಇನ್ನೂ ಕಪ್ಪಾಗಿಯೇ ಇದೆ.

ಈ ಬಟನ್ ಅಚ್ಚು ನೋಡಿದಾಗಿನಿಂದ ತಲೆಯಲ್ಲಿ ಜೋಗ ಕೂತಿದೆ. ಎಳೆಯುವ ಪಟ್ಟಿಯ ಕಾರ್ಡ್: ರಾಜಾ, ರಾಣಿ, ರೋರರ್, ರಾಕೆಟ್, ನಾಲ್ಕಕ್ಕೂ ಬೇರೆ ಬೇರೆ ಪಟ್ಟಿ. ಕೆಳಗೆ ಲಿಂಗನಮಕ್ಕಿಯ ಗೇಟಿನಂತೆ ಒಂದು ಚಕ್ರ. ಗೇಟ್ ತಿರುಗಿಸಿದಷ್ಟೂ ನೀರು ಜಾಸ್ತಿ ಇಳಿಯಬೇಕು. ರೋರರ್ ಓರೆಯಾಗಿ ಬಂದು ರಾಜಾಗೆ ಸೇರುತ್ತದಲ್ಲ, ಆ ಪಟ್ಟಿಯನ್ನು ಹೇಗೆ ಬಗ್ಗಿಸುವುದೋ ಇನ್ನೂ ಗೊತ್ತಿಲ್ಲ. ಯಾರಾದರೂ ಓರೆ ಪಟ್ಟಿ ಮಾಡಿದ್ದರೆ ಹೇಳಿ.

ಇರಲಿ, ಚಕ್ರಕ್ಕೆ ಬರೋಣ. ಉಳಿದಿದ್ದ ತಕರಾರು ಒಂದೇ. ಕವರಿನ ಒಳಬದಿ ಖಾಲಿ ಇದೆ ಅಂತ ಎಸ್ಸೆಸ್ಸೆಲ್ಸಿಯ ಲೆಕ್ಕ ಹಾಕಿದ್ದೆ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು, ಒಟ್ಟು 625. ಎಂಟರಲ್ಲೇ ಇದು ಯಾಕೆ ಅಂದರೆ, ಪ್ರಥಮ ಭಾಷೆ ಯಾವುದು ಅಂತ ಆರಿಸುವ ಅವಕಾಶ ಇರುವ ಕಡೆ ಅದು ನಿರ್ಧಾರ ಆಗುವುದು ಸಾಮಾನ್ಯವಾಗಿ ಇಲ್ಲೇ. ಮಾರ್ಕ್ಸ್ ಬೀಳುತ್ತದೆ ಅಂತ ಕನ್ನಡ ಬಿಟ್ಟು ಸಂಸ್ಕೃತ ತೆಗೆದುಕೊಳ್ಳುವವರಿಗೆ ಏನೂ ಹೇಳಲಾರೆ. ಆದರೆ ಯಾಕೆ ಅಂತ ಮಗುವನ್ನೂ ಒಮ್ಮೆ ಕೇಳಬೇಕಲ್ವಾ? ಭಾವ ಮಾತ್ರ 625 ನೋಡಿದ್ದೇ ತಡ, ಎಂಟನೇ ಕ್ಲಾಸಿನ ಹುಡುಗಿಗೆ 600ರ ಗುರಿ ಇಟ್ಟುಬಿಟ್ಟರು. ಹಾಗಾಗಿ ಆ ಲೆಕ್ಕ ತೆಗೆದೆ. ಈಗ ಅಲ್ಲಿ ಹೈಸ್ಕೂಲಿಗೆ ಹೋಗುವ ಬಸ್ಸಿನ ಟೈಮ್ ಇದೆ. ತಂಗಿಗೆ ಇಡೀ ಚಕ್ರದಲ್ಲಿ ಅದೇ ಜಾಸ್ತಿ ಇಷ್ಟವಾದದ್ದು.

ಹೈಸ್ಕೂಲಿನ ಎಂಟನೇ ಕ್ಲಾಸಿನಲ್ಲಿ 42 ಮಕ್ಕಳು. ಎಸ್‌ಎ-1ಕ್ಕೆ ಮುಂಚೆ ಪೋಷಕರ ಸಭೆ. ಅಂದರೆ 42 ಚಕ್ರ, ಹೊಲಿಗೆಯೇ 84 ಕಡೆ. ಬೆಳಿಗ್ಗೆ ಟೈಲರಮ್ಮನ ಹತ್ತಿರ ಹೋಗಿ ಇನ್ನೂ ಮೂರು ಡಜನ್ ದೊಡ್ಡ ಟಿಚ್ ಬಟನ್ ಕೇಳಿದೆ. ಅವರು ನನ್ನನ್ನೂ, ಇನ್ನೂ ಅಲ್ಲೇ ನೇತಾಡುತ್ತಿದ್ದ ನನ್ನ ಹೆಂಡತಿಯ ಬ್ಲೌಸನ್ನೂ ಒಮ್ಮೆ ನೋಡಿದರು.

"ಮೊದಲು ಇದನ್ನ ತಗೊಂಡ್ ಹೋಗಿ."