ಪಾರ್ಟಿ ಯಾವಾಗ ಶುರು?

"ಆಂಟಿ, ಪಾರ್ಟಿ ಯಾವಾಗ ಶುರು?"

ಕಳೆದ ಭಾನುವಾರ ಸಂಜೆ ಆರೂಕಾಲಿಗೆ ಒಬ್ಬ ಹುಡುಗ ಅಡುಗೆಮನೆ ಬಾಗಿಲಿಗೆ ಬಂದು ಹೀಗೆ ಕೇಳಿದ. ವಯಸ್ಸು ಐದಿರಬೇಕು. ಹಳದಿ ಶರಟು ಹಾಕಿದ್ದ, ಹಳದಿ ಈಗ ಅಲ್ಲಲ್ಲಿ ಮಾತ್ರ ಕಾಣುತ್ತಿತ್ತು. ಮೊಣಕಾಲಿನವರೆಗೆ ಕೆಸರು. ಎರಡೂ ಅಂಗೈ ಕೆಂಪು. ತಲೆ ಮೇಲೆ ಅಡಿಕೆ ಹಾಳೆಯ ಟೊಪ್ಪಿ. ಅವನು ಬಂದು ಆಗಲೇ ಎರಡೂವರೆ ಗಂಟೆಯಾಗಿತ್ತು. ಎರಡು ಕಡುಬು ತಿಂದು ಮೂರನೆಯದಕ್ಕೆ ತುಪ್ಪ ಹಾಕಿಸಿಕೊಂಡು ಹೋಗಿದ್ದು ನನ್ನ ಕೈಯಲ್ಲೇ. ಬಗಲಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆ ಹಾಗೇ ಇತ್ತು.

ನಾನು ಅವತ್ತು ಬೆಳಿಗ್ಗೆ ನಾಲ್ಕೂವರೆಗೆ ಎದ್ದವಳು.

"ಇದೇ ಪಾರ್ಟಿ ಪುಟ್ಟಾ" ಅಂದೆ. ಅವನು ಒಮ್ಮೆ ಹಾಲ್ ಕಡೆ ನೋಡಿದ. ಒಮ್ಮೆ ಅಂಗಳದ ಕಡೆ ನೋಡಿದ. "ಹ್ಞೂಂ" ಅಂದ. ದೊಡ್ಡವರು ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾದರೂ ಮರ್ಯಾದೆಗೆ ಸುಮ್ಮನಾಗುತ್ತಾರಲ್ಲ ಮಕ್ಕಳು, ಆ ಥರದ ಹ್ಞೂಂ. ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕಾಯುತ್ತಾ ಕೂತ.

ಹಿನ್ನೆಲೆ ಜಾಸ್ತಿ ಹೇಳುವುದಿಲ್ಲ. ಮಗಳಿಗೆ ಐದು ತುಂಬಿತು. ಈ ಸಲ ಎಲ್ಲಾ ಮನೆಯಲ್ಲೇ, ಎಲ್ಲಾ ಕೈಯಲ್ಲೇ ಅಂತ ನಾನು ಹಟ ಹಿಡಿದಿದ್ದೆ. ಏಪ್ರಿಲ್‌ನಲ್ಲಿ ಒಂದು ಹಾಲ್‌ನಲ್ಲಿ ನಡೆದ ಬರ್ತ್‌ಡೇಗೆ ಹೋಗಿದ್ದೆವು. ಬಲೂನಿನ ಕಮಾನು, ಮದುವೆಯಲ್ಲಿ ಹಾಕುವಂಥ ಸಿಂಹಾಸನದ ಕುರ್ಚಿ, ಅದರಲ್ಲಿ ಕಾಲು ನೆಲಕ್ಕೆ ಎಟುಕದ ಹುಡುಗ. ಮೈಕ್ ಹಿಡಿದ ಒಬ್ಬಾತ "ನಿಮ್ಮ ದನಿ ನಂಗೆ ಕೇಳಿಸ್ತಾನೇ ಇಲ್ಲ" ಅಂತ ಕಿರುಚಿ ಕಿರುಚಿ ನನ್ನ ಮಗಳನ್ನು ಅಳಿಸಿಬಿಟ್ಟಿದ್ದ. ಹಾಗಾಗಿ ಹಟ. ಆದರೆ ಪೂರ್ತಿ ಅದೇ ಕಾರಣ ಅಂದರೆ ಸುಳ್ಳಾಗುತ್ತದೆ. "ಅಯ್ಯೋ, ಇದನ್ನೆಲ್ಲ ನೀವೇ ಮಾಡಿದ್ರಾ?" ಅಂತ ನಾಲ್ಕು ಜನ ಅಮ್ಮಂದಿರು ಕೇಳಲಿ ಅನ್ನುವ ಆಸೆಯೂ ಇತ್ತು. ಇರಲಿ ಬಿಡಿ, ಯಾರಿಗಿಲ್ಲ?

ನಾದಿನಿ ಬೆಂಗಳೂರಿಂದ ಫೋನ್ ಮಾಡಿ, "ಅತ್ತಿಗೆ, ಥೀಮ್ ಏನು?" ಅಂದಳು. ಥೀಮ್ ಏನೂ ಇಲ್ಲ ಕಣೇ, ಅವ್ವ ಬರ್ತಿದಾರೆ, ಹಾಳೆ ಟೊಪ್ಪಿ, ಹಲಸಿನ ಹಣ್ಣಿನ ಕಡುಬು ಅಂದೆ. "ಓ, ಹಳ್ಳಿ ಥೀಮ್!" ಅಂದಳು. ಹತ್ತು ನಿಮಿಷದಲ್ಲಿ ಎತ್ತಿನಗಾಡಿ ಚಿತ್ರ ಹಾಕಿ ಇನ್ವಿಟೇಶನ್ ಕಳಿಸಿದಳು. ಒಳ್ಳೆಯ ಹುಡುಗಿ. ಆದರೆ ಅವಳಿಗೆ ಹೆಸರಿಡದೆ ಯಾವುದನ್ನೂ ನೋಡಲು ಬರುವುದಿಲ್ಲ.

ಅವ್ವ ಶನಿವಾರ ಮಧ್ಯಾಹ್ನ ಸಾಗರದಿಂದ ಬಸ್ಸಲ್ಲಿ ಬಂದಿಳಿದರು. ಒಂದು ಚೀಲದಲ್ಲಿ ಬಕ್ಕೆ ಹಲಸಿನ ಹಣ್ಣು. ಬೇಸಿಗೆಯಲ್ಲಿ ಆರಿಸಿ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಅಡಿಕೆ ಹಾಳೆ ಒಂದು ಕಟ್ಟು. ಮೇಲೆ ಒಂದು ಹೊರೆ ಸಾಗುವಾನಿ ಎಲೆ. ಹಾಳೆ ಕಟ್ಟಿಗೂ ಲಗೇಜ್ ತಗೊಂಡ ಅಂತ ಕಂಡಕ್ಟರ್ ಮೇಲೆ ಸಿಟ್ಟು. ಬಂದವರೇ ಹಾಳೆಗಳನ್ನು ಬಚ್ಚಲಿನ ದೊಡ್ಡ ಬಕೆಟ್ಟಿನಲ್ಲಿ ನೆನೆಹಾಕಿದರು. ಒಣಗಿದ ಹಾಳೆ ಮಡಚಿದರೆ ಸೀಳುತ್ತದೆ, ನೆಂದರೆ ಚರ್ಮದ ಹಾಗೆ ಬಗ್ಗುತ್ತದೆ. ನಾನು ಸ್ಟೇಪ್ಲರ್ ತಂದು ಕೊಟ್ಟೆ. "ಮಕ್ಕಳ ತಲೆಗೆ ತಂತಿ ಚುಚ್ಚಿಸ್ತೀಯಾ?" ಅಂತ ಬೈಸಿಕೊಂಡೆ. ಬಾಳೆ ನಾರಿನಲ್ಲೇ ಹೊಲಿದರು. ರಾತ್ರಿ ಹನ್ನೊಂದಕ್ಕೆ 14 ಟೊಪ್ಪಿ ಸಾಲಾಗಿ ನಿಂತಿದ್ದವು.

ಅಕ್ಕಿ ನಾನು ನೆನೆಸಿದೆ. ಎರಡು ಲೋಟ ತೊಳೆಗೆ ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ನೀರು ಹಾಕಬಾರದು, ಹಣ್ಣಿನ ರಸದಲ್ಲೇ ತರಿತರಿಯಾಗಿ ರುಬ್ಬಬೇಕು. ಬಾಳೆ ಎಲೆಯಲ್ಲೂ ಕಡುಬು ಆಗುತ್ತದೆ. ಆದರೆ ಸಾಗುವಾನಿ ಎಲೆಯಲ್ಲಿ ಕಟ್ಟಿ ಮುಕ್ಕಾಲು ಗಂಟೆ ಬೇಯಿಸಿದರೆ ಹೊರಗೆಲ್ಲ ಕೆಂಪು ಬಣ್ಣ ಹತ್ತುತ್ತದೆ, ಎಲೆಯ ನರಗಳ ಅಚ್ಚು ಬೀಳುತ್ತದೆ. ಬಿಸಿ ಇರುವಾಗಲೇ ಬಿಡಿಸಿ ಅದರ ಮೇಲೆ ತುಪ್ಪ ಹಾಕಬೇಕು. ಇದನ್ನು ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತಿದೆ.

ಕೇಕ್ ಬಗ್ಗೆ ಬರೆಯಲು ಮನಸ್ಸಿಲ್ಲ. ಕುಕ್ಕರಿನಲ್ಲಿ ಉಪ್ಪು ಹಾಸಿ, ಗ್ಯಾಸ್ಕೆಟ್ ತೆಗೆದು ಇಟ್ಟಿದ್ದೆ. ತಡೆಯಲಾರದೆ 20 ನಿಮಿಷಕ್ಕೇ ಮುಚ್ಚಳ ತೆಗೆದು ನೋಡಿದೆ. ನಡುವೆ ಕುಸಿದು ಗುಂಡಿಯಾಯಿತು. ನಮ್ಮ ಯಜಮಾನರು ಅದನ್ನು ನೋಡಿ "ಪರವಾಗಿಲ್ಲ, ರುಚಿ ಇದೆ" ಅಂತ ಅರ್ಧ ತಿಂದು ಮುಗಿಸಿದರು. ಅವರಿಗೆ ವಹಿಸಿದ್ದು ಒಂದೇ ಕೆಲಸ, ಬಲೂನು. ಸೈಕಲ್ ಪಂಪಿನಲ್ಲಿ 30 ಬಲೂನು ಊದಿ ಬಿಸಿಲು ಬೀಳುವ ಕಿಟಕಿಗೇ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಢಬ್, ಢಬ್. ಮೂರು ಗಂಟೆಗೆ ಆ ಬಿಸಿಲೂ ಹೋಯಿತು. ಜೂನ್ ತಿಂಗಳಲ್ಲಿ ಶಿವಮೊಗ್ಗದಲ್ಲಿ ಅಂಗಳದಲ್ಲಿ ಪಾರ್ಟಿ ಇಟ್ಟುಕೊಂಡ ಬುದ್ಧಿವಂತೆ ನಾನು. ನಾಲ್ಕೂಕಾಲಿಗೆ ಮಳೆ ಬಂತು, ಅದರ ಹಿಂದೆಯೇ ಕರೆಂಟು ಹೋಯಿತು. ಸ್ಪೀಕರ್ ಇಲ್ಲ, ಹಾಡಿಲ್ಲ.

ಮಳೆ ಸ್ವಲ್ಪ ಬಿಟ್ಟ ಮೇಲೆ ಅವ್ವ ದೊಡ್ಡ ಹಾಳೆಯೊಂದನ್ನು ಅಂಗಳಕ್ಕೆ ಎಸೆದರು. "ಕೂತ್ಕೊಳ್ಳಿ, ಎಳೀರಿ" ಅಂದರು, ಅಷ್ಟೇ. ಒಬ್ಬರು ಅಗಲದ ಕಡೆ ಕೂರುವುದು, ಇಬ್ಬರು ಸೋಗೆ ಕಡೆಯ ತುದಿ ಹಿಡಿದು ಓಡುವುದು. ಒದ್ದೆ ಸಿಮೆಂಟಿನ ಮೇಲೆ ಅದು ಎಷ್ಟು ಜಾರುತ್ತದೆ ಅಂದರೆ ಮೂಲೆಯ ದಾಸವಾಳದ ಗಿಡ ಎರಡು ಸಲ ಬಿತ್ತು. ಹಳದಿ ಶರಟಿನವನು ಉಡುಗೊರೆಯನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂತಿದ್ದ. "ಕೊಡೋ, ಒಳಗಿಡ್ತೀನಿ" ಅಂದರೆ ಕೊಡಲಿಲ್ಲ.

ಆಮೇಲೆ ಉಳಿದಿದ್ದ ಎಳೆ ಸಾಗುವಾನಿ ಎಲೆ. ಅಂಗೈಯಲ್ಲಿ ಹಾಕಿ ತಿಕ್ಕಿದರೆ ರಕ್ತದ ಹಾಗೆ ಬಣ್ಣ ಬಿಡುತ್ತದೆ. ಮೊದಲ ಹುಡುಗಿ ಕಿರುಚಿದಳು. ಎರಡನೆಯವಳು ನಕ್ಕಳು. ಆಮೇಲೆ ಹದಿಮೂರೂ ಮಕ್ಕಳು ಒಬ್ಬರ ಬೆನ್ನಿಗೆ ಒಬ್ಬರು ಕೈ ಅಚ್ಚು ಒತ್ತುತ್ತಿದ್ದರು. ಅವ್ವ ಒಂದು ಬಟ್ಟಲಲ್ಲಿ ಅಕ್ಕಿ ಹಿಟ್ಟು ಕಲಸಿಕೊಂಡು, ಪುಂಡಿ ನಾರಿನ ಕುಂಚದಲ್ಲಿ ಎಲ್ಲರ ಟೊಪ್ಪಿ ಮೇಲೂ ಬಿಳಿ ಎಳೆ ಎಳೆದರು. ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಹಸೆ ಗೋಡೆ ಬರೆಯುವುದು ಇದೇ ಕುಂಚದಲ್ಲಿ. ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಹುರಿದು ಕಪ್ಪು ಮಾಡಿದ ಅಕ್ಕಿ, ಗುರಿಗೆ ಕಾಯಿಯ ಹಳದಿ. ಅವ್ವನ ಕೈ ಈಗ ಸ್ವಲ್ಪ ನಡುಗುತ್ತದೆ. ಎಳೆ ಮಾತ್ರ ನಡುಗುವುದಿಲ್ಲ, ಅದು ಹೇಗೋ ನನಗೆ ಗೊತ್ತಿಲ್ಲ.

ಐದೂವರೆಗೆ ದೀಪ ಹಚ್ಚಿ ಆರತಿ ಎತ್ತಿದೆವು. ನಾನು ತಂದಿಟ್ಟಿದ್ದ ಐದರ ಆಕಾರದ ಮೇಣದಬತ್ತಿ ಡ್ರಾಯರಿನಲ್ಲೇ ಉಳಿಯಿತು. ಚುಚ್ಚುವುದಕ್ಕೆ ಕೇಕ್ ಇಲ್ಲ. ಅವ್ವನಿಗಂತೂ ಹುಟ್ಟಿದ ದಿನ ದೀಪ ಊದಿ ಆರಿಸುವುದು ಕಂಡರಾಗದು. ಹಾಳೆ ತಟ್ಟೆಯಲ್ಲಿ ಕಡುಬು ಹಾಕಿ ಕೊಟ್ಟೆ. ಬೇಗ ಬಂದಿದ್ದ ಒಬ್ಬರು ಅಮ್ಮ ತಟ್ಟೆಯನ್ನು ತಿರುಗಿಸಿ ನೋಡಿ, "2025ರಲ್ಲಿ ಅಮೆರಿಕದ ಎಫ್‌ಡಿಎ ಹಾಳೆ ತಟ್ಟೆ ಬಳಸಬಾರದು ಅಂದಿದೆಯಂತಲ್ಲ?" ಅಂದರು. ಅಲ್ಲಿ ಆಹಾರದ ಸುರಕ್ಷತೆ ನೋಡುವ ಆ ಸಂಸ್ಥೆ ಅಂದಿದ್ದು ನಿಜ, ಅಡಿಕೆಯಲ್ಲಿರುವ ಅಂಶ ಊಟಕ್ಕೆ ಇಳಿಯಬಹುದು ಅಂತ. ನಮ್ಮ ಕಡೆ ತಟ್ಟೆ ಮಾಡುವವರು ಆಗ ತಲೆ ಮೇಲೆ ಕೈ ಹೊತ್ತು ಕೂತಿದ್ದೂ ನಿಜ. ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವ್ವ, "ಅವ್ರನ್ನ ಊಟಕ್ಕೆ ಕರೆದಿಲ್ವಲ್ಲ ನಾವು" ಅಂದುಬಿಟ್ಟರು. ನಾನು ಸುಮ್ನೆ ಸ್ಟೀಲ್ ತಟ್ಟೆ ತಂದುಕೊಟ್ಟೆ.

ಇದೆಲ್ಲ ಆದ ಮೇಲೆ ಬಂದಿದ್ದು ಆ ಪ್ರಶ್ನೆ. ಆಂಟಿ, ಪಾರ್ಟಿ ಯಾವಾಗ ಶುರು?

ಏಳು ಗಂಟೆಗೆ ಎಲ್ಲರೂ ಹೋದರು. ನಾನು ಕಾಯುತ್ತಿದ್ದ "ನೀವೇ ಮಾಡಿದ್ರಾ?" ಬರಲಿಲ್ಲ. "ಈ ಟೊಪ್ಪಿ ಎಲ್ಲಿಂದ ಆರ್ಡರ್ ಮಾಡಿದ್ರಿ?" ಅಂತ ಒಬ್ಬರು, "ಈ ಕೆಂಪು ಹೋಗುತ್ತಾ?" ಅಂತ ಐದು ಜನ ಕೇಳಿದರು. ಕೈಯದ್ದು ಹೋಗುತ್ತದೆ, ಬಟ್ಟೆಯ ಬಗ್ಗೆ ಮಾತು ಕೊಡಲಾರೆ ಅಂದೆ.

ರಾತ್ರಿ ಪಾತ್ರೆ ತಿಕ್ಕುವಾಗ ಆ ಹ್ಞೂಂ ಮತ್ತೆ ಕೇಳಿಸಿತು. ಇಷ್ಟೆಲ್ಲ ಮಾಡಿದರೂ ಆ ಹುಡುಗನ ಲೆಕ್ಕದಲ್ಲಿ ನಾನು ಏನೂ ಮಾಡಿಲ್ಲ. ಯಜಮಾನರಿಗೆ ಹೇಳಿದೆ. "ಕೇಕ್ ಕಟ್ ಮಾಡ್ಲಿಲ್ವಲ್ಲ, ಪಾಪ" ಅಂದರು. ಕೇಕ್ ತಿಂದವರ ಬಾಯಲ್ಲಿ ಈ ಮಾತು!

ಸೋಮವಾರ ಆಫೀಸಿನಲ್ಲಿ ಹೇಳಿದೆ. "ಈಗಿನ ಮಕ್ಕಳು ಹಾಗೇ, ಮೊಬೈಲ್ ನೋಡಿ ಹಾಳಾಗಿದಾವೆ" ಅಂದರು ಪಕ್ಕದ ಮೇಜಿನವರು. ಯಾಕೋ ಸಿಟ್ಟು ಬಂತು. ಅವನು ಏನು ತಪ್ಪು ಕೇಳಿದ? ಅವನು ಇದುವರೆಗೆ ಹೋದ ಪಾರ್ಟಿಗಳಿಗೆಲ್ಲ ಒಂದು ಕ್ರಮ ಇದ್ದಿರಬೇಕು. ಬಲೂನು, ಆಟ, ಕತ್ತಲೆ, ಮೇಣದಬತ್ತಿ, ಹಾಡು, ಕೇಕ್, ಚಿಪ್ಸ್, ಚೀಲ. ಆ ಕ್ರಮ ಅವನಿಗೆ ಕಲಿಸಿದ್ದು ನಾವೇ. ನಾವು ಮದುವೆಗೆ ಹೋಗಿ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಕೂತರೂ, ತಾಳಿ ಕಟ್ಟದಿದ್ದರೆ "ಮುಹೂರ್ತ ಎಷ್ಟೊತ್ತಿಗೆ?" ಅಂತ ಕೇಳಲ್ವಾ? ಅವನೂ ಅದನ್ನೇ ಕೇಳಿದ್ದು. ಪಾಪ, ಎರಡೂವರೆ ಗಂಟೆ ಕಾದು ಕೇಳಿದ. ನಾನಾಗಿದ್ದರೆ ಅರ್ಧ ಗಂಟೆಗೇ ಕೇಳುತ್ತಿದ್ದೆ.

ಸಂಜೆ ಅವ್ವನ ಹತ್ತಿರವೂ ಇದನ್ನೇ ತೆಗೆದೆ. ನಾವು ಚಿಕ್ಕವರಿದ್ದಾಗ ಹೀಗಿರಲಿಲ್ಲ ಅಲ್ವಾ ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ. ಅವ್ವ ಬುಟ್ಟಿಗೆ ಕೆಮ್ಮಣ್ಣು ಬಳಿಯುವುದು, ನಾವು ಬಟ್ಟಲು ಹಿಡಿದು ಪಕ್ಕ ಕೂರುವುದು, ಅಕ್ಕಿ ಹಿಟ್ಟಿನ ಎಳೆ ಒಂದೊಂದೇ ಮೂಡುವುದು. ರಾತ್ರಿಯಿಡೀ ಅಡುಗೆ, ಬೆಳಕು ಹರಿಯುವ ಮೊದಲು ಆ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ. ಬುಟ್ಟಿಗೆ ಮಣ್ಣು ಬಳಿದ ದಿನವೇ ನಮಗೆ ಹಬ್ಬ ಶುರುವಾಗುತ್ತಿತ್ತು ಅಂದೆ. ದನಿಯಲ್ಲಿ ಸ್ವಲ್ಪ ಭಾಷಣವೂ ಸೇರಿತ್ತು.

ಅವ್ವ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. "ನಿಂಗೆಲ್ಲಿ ಗೊತ್ತು? ಬುಟ್ಟಿ ಹೊರೋ ಹೊತ್ತಿಗೆ ನೀನು ಒಲೆ ಮುಂದೆ ನಿದ್ದೆ. ಬಿಸಿಲು ಬಿದ್ದ ಮೇಲೆ ಎದ್ದು 'ಅವ್ವಾ, ಹಬ್ಬ ಯಾವಾಗ?' ಅಂತ ಅಳ್ತಿದ್ದೆ. ಪ್ರತಿ ವರ್ಷ."

ನನಗೆ ಇದು ನೆನಪೇ ಇಲ್ಲ. ಬಟ್ಟಲು ಹಿಡಿದದ್ದು ಮಾತ್ರ ನೆನಪಿದೆ.

"ಆಮೇಲೆ ಏನ್ ಮಾಡ್ತಿದ್ರಿ?"

"ಏನ್ ಮಾಡೋದು. ಈಗ ಶುರು ಅಂತ ಎಡೆ ಹಾಕಿ ಕೊಡ್ತಿದ್ದೆ. ತಿಂದು ಸುಮ್ಮನಾಗ್ತಿದ್ದೆ."

ನಿನ್ನೆ ಮಂಗಳವಾರ ಸಂಜೆ ಗೇಟು ಸದ್ದಾಯಿತು. ಹಳದಿ ಶರಟಿನವನು, ಹಿಂದೆ ಅವನ ಅಮ್ಮ. ಶರಟು ಈಗ ನೀಲಿ, ಇಸ್ತ್ರಿ ಮಾಡಿದ್ದು. ಬಗಲಲ್ಲಿ ಅದೇ ಉಡುಗೊರೆ. ಭಾನುವಾರ ಅದನ್ನು ಮನೆಗೆ ವಾಪಸ್ ತಗೊಂಡು ಹೋಗಿದ್ದಾನೆ, ನಾವ್ಯಾರೂ ನೋಡೇ ಇಲ್ಲ. "ಕ್ಷಮಿಸಿ, ತುಂಬಾ ನಾಚಿಕೆ ಆಗ್ತಿದೆ" ಅಂದರು ಅವರು. "ಯಾಕೋ ಕೊಡ್ಲಿಲ್ಲ ಅಂದ್ರೆ, ಪಾರ್ಟಿ ಇನ್ನೂ ಆಗಿಲ್ವಲ್ಲ ಅಂತಾನೆ. ಅವತ್ತು ಸುಮ್ನೆ ಆಟ ಆಡಿದ್ದಂತೆ. ಎರಡು ದಿನದಿಂದ ಇವತ್ತಾ, ಇವತ್ತಾ ಅಂತ ತಲೆ ತಿಂತಿದಾನೆ."

ಅವನು ನನ್ನನ್ನು ನೋಡಲಿಲ್ಲ, ಸೀದಾ ಅವ್ವನನ್ನು ನೋಡಿದ. "ಅಜ್ಜೀ, ಇವತ್ತಾ?"

"ಹೌದು ಮಗಾ. ಈಗ ಶುರು" ಅಂದರು ಅವ್ವ.

ಫ್ರಿಜ್ಜಿನಲ್ಲಿ ನಾಲ್ಕು ಕಡುಬು ಉಳಿದಿದ್ದವು. ಆವಿಗಿಟ್ಟು ಬಿಸಿ ಮಾಡಿದೆ. ಡ್ರಾಯರಿನಿಂದ ಐದರ ಮೇಣದಬತ್ತಿ ತೆಗೆದು ಒಂದಕ್ಕೆ ಚುಚ್ಚಿದೆ. ಅವ್ವ "ನಾನು ನೋಡಿಲ್ಲ" ಅಂತ ಗೋಡೆ ಕಡೆ ತಿರುಗಿ ಕೂತರು. ಮಗಳು ಊದಿದಳು. ಅವನು ಜೋರಾಗಿ ಹಾಡಿದ, ಒಬ್ಬನೇ. ಆಮೇಲೆ ಉಡುಗೊರೆ ಕೊಟ್ಟ. ಕಾಗದದ ಮೇಲೆ ಪುಟ್ಟ ಕೆಂಪು ಕೈ ಅಚ್ಚು, ಐದೂ ಬೆರಳು, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮಗಳು ಹರಿಯಲು ಹೊರಟಳು. ಅಂಟು ಪಟ್ಟಿ ಬಿಡಿಸಿ ನಾನೇ ತೆಗೆದುಕೊಟ್ಟೆ, ಕಾಗದ ಎತ್ತಿಟ್ಟೆ.

ಅವನ ಅಮ್ಮ ಹೊರಟರು. ಅವನು ಬಾಗಿಲಲ್ಲೇ ನಿಂತ, ಕೈ ಹಿಡಿದು ಎಳೆದರೂ ಕದಲಲಿಲ್ಲ. ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಒಳಗಿಂದ ಅವ್ವ ಕೂಗಿದರು, "ಇನ್ನೊಂದು ಹಾಳೆ ಇತ್ತಲ್ಲ, ಎಲ್ಲಿಟ್ಟಿದೀಯೇ?"